ಉಳಿಗೆ ಅಡಿಯಾಗದ ಕಾಯಕ: ಚರ್ಮದ ಕೆಲಸ ಮತ್ತು ಶುದ್ಧಿಯ ಪ್ರಶ್ನೆ

ಸತ್ತ ಪ್ರಾಣಿಯ ತೊಗಲನ್ನು ಸುಲಿದು, ಹದಕ್ಕೆ ತಂದು, ಸೀಳಿ, ಹೆಣೆದು, ಬದುಕಿರುವ ಪ್ರಾಣಿಯ ಮೈಗೆ ಕಡಿವಾಣವಾಗಿಯೋ ಹಲ್ಲಣವಾಗಿಯೋ ನೊಗದ ಮಿಣಿಯಾಗಿಯೋ ತೊಡಿಸುವ ಕೆಲಸವು ಕರ್ನಾಟಕದ ಧಾರ್ಮಿಕ ಚಿಂತನೆಯ ಮುಂದಿಟ್ಟಿರುವ ಪ್ರಶ್ನೆ ಮೇಲುನೋಟಕ್ಕೆ ಕಾಣುವುದಕ್ಕಿಂತ ಆಳವಾದದ್ದು. ಮುಟ್ಟಿದ ವಸ್ತುವಿನ ಮೈಲಿಗೆ ಮುಟ್ಟಿದ ಮನುಷ್ಯನಿಗೆ ಅಂಟುತ್ತದೆಯೇ, ಅಂಟುವುದಾದರೆ ಆ ವಸ್ತುವನ್ನು ದಿನವೂ ಬಳಸುವವನನ್ನು ಬಿಟ್ಟು ಮಾಡಿಕೊಟ್ಟವನಿಗೆ ಮಾತ್ರ ಏಕೆ ಅಂಟಬೇಕು, ದುಡಿಮೆಯೇ ಪೂಜೆಯೆಂದು ಸಾರಿದ ಧರ್ಮವೊಂದು ಈ ಅಂಟನ್ನು ಪೂರ್ತಿಯಾಗಿ ತೊಡೆಯಬಲ್ಲದೇ ಎಂಬ ಮೂರು ಎಳೆಗಳು ಆ ಪ್ರಶ್ನೆಯಲ್ಲಿ ಸೇರಿಕೊಂಡಿವೆ. ಮೊದಲಿನ ಎರಡಕ್ಕೆ ಶಾಸ್ತ್ರಗಳ ಮಾತಿನಲ್ಲೇ ಉತ್ತರ ಹುಡುಕಬಹುದು; ಮೂರನೆಯದಕ್ಕೆ ಹನ್ನೆರಡನೆಯ ಶತಮಾನದ ಶರಣರಿಂದ ಹಿಡಿದು ಇಪ್ಪತ್ತನೆಯ ಶತಮಾನದ ದಲಿತ ಚಳವಳಿಯವರೆಗಿನ ಅನುಭವವನ್ನು ಒಟ್ಟಿಗೆ ಇಟ್ಟುಕೊಂಡು ನೋಡಬೇಕಾಗುತ್ತದೆ.

ಶಿವಮೊಗ್ಗ ಸೀಮೆಯಲ್ಲಿ ಈ ಎಳೆಗಳು ಹತ್ತಿರ ಹತ್ತಿರವೇ ಹಾದುಹೋಗಿವೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯೊಂದಿಗೆ ಹೆಸರು ಬೆಸೆದುಕೊಂಡಿರುವ ಅಲ್ಲಮಪ್ರಭುಗಳನ್ನು ಹರಿಹರ ಕವಿಯ ರಗಳೆಯು ಮದ್ದಳೆಗಾರರನ್ನಾಗಿ ಚಿತ್ರಿಸುತ್ತದೆ, ಎಂದರೆ ಶೂನ್ಯತತ್ತ್ವವನ್ನು ನುಡಿದ ಅನುಭಾವಿಯ ಎಳವೆಯ ಬದುಕು ತೊಗಲು ಬಿಗಿದ ವಾದ್ಯದೊಂದಿಗೆ ಕಳೆದದ್ದು. ಇದೇ ನಾಡನ್ನು ಆಳಿದ ಕೆಳದಿಯ ಅರಸರು ವೀರಶೈವ ಮತದವರಾಗಿದ್ದು ಕುದುರೆದಳವನ್ನು ಸಾಕಿದವರು. ಶಿವಪ್ಪನಾಯಕನ (ಆಳ್ವಿಕೆ 1645–1660) ನಂತರದ ಕಾಲದಲ್ಲಿ ಆ ಮನೆತನದ ಬಸವಪ್ಪನಾಯಕನು ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶದಲ್ಲಿ ಶಿವಭಕ್ತಿಯ ವಿಚಾರವೂ ಅಶ್ವಶಾಸ್ತ್ರವೂ ಅಕ್ಕಪಕ್ಕದಲ್ಲಿವೆ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿರುವ ಮಲವಗೊಪ್ಪದಲ್ಲಿ ಚನ್ನಬಸವೇಶ್ವರನ ದೇವಾಲಯವಿದೆ. ಷಟ್‌ಸ್ಥಲ ಸಿದ್ಧಾಂತಕ್ಕೆ, ಎಂದರೆ ಭಕ್ತನು ಆರು ನೆಲೆಗಳಲ್ಲಿ ಮೇಲೇರಿ ಶಿವನಲ್ಲಿ ಐಕ್ಯನಾಗುವನೆಂಬ ವಿಚಾರಕ್ಕೆ, ಖಚಿತ ರೂಪ ಕೊಟ್ಟವರೂ ಕಲ್ಯಾಣದ ದುರಂತದ ಬಳಿಕ ಶರಣರನ್ನು ಉಳವಿಯ ಕಡೆಗೆ ನಡೆಸಿದವರೂ ಚನ್ನಬಸವಣ್ಣನವರೆಂದು ಪರಂಪರೆ ನಂಬುತ್ತದೆ. ಅದೇ ರಸ್ತೆಯಲ್ಲಿ ಮುಂದೆ ಸಿಗುವ ಭದ್ರಾವತಿಯು 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಹುಟ್ಟಿಗೆ ನೆಲೆಯಾಯಿತು.

ತೊಗಲು ಬಾರಾಗುವ ಬಗೆ

ಶುದ್ಧಾಶುದ್ಧಗಳ ಚರ್ಚೆಗೆ ಇಳಿಯುವ ಮೊದಲು ಆ ಕೆಲಸ ಎಂಥದೆಂಬುದನ್ನು ತಿಳಿಯಬೇಕು, ಏಕೆಂದರೆ ಅದನ್ನು ಹೀನವೆಂದು ಕರೆದವರು ಹೆಚ್ಚಾಗಿ ಅದನ್ನು ದೂರದಿಂದ, ಮೂಗಿನಿಂದ ಮಾತ್ರ ಬಲ್ಲವರು. ಸುಲಿದ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿದರೆ ಕೂದಲಿನ ಬೇರು ಸಡಿಲವಾಗುತ್ತದೆ. ಆಮೇಲೆ ಹೊರಮೈಯ ಕೂದಲನ್ನೂ ಒಳಮೈಯ ಮಾಂಸದ ಪದರವನ್ನೂ ಹೆರೆದು ತೆಗೆದು, ಸುಣ್ಣ ಹೋಗುವವರೆಗೆ ತೊಳೆದು, ಗೂಟಗಳಿಗೆ ಎಳೆದು ಕಟ್ಟಿ ಒಣಗಿಸುತ್ತಾರೆ. ಇಷ್ಟಕ್ಕೇ ನಿಲ್ಲಿಸಿದರೆ ಸಿಗುವುದು ಹಸಿತೊಗಲು. ಅದನ್ನು ಮುಂದುವರಿಸಿ ತಂಗಡಿಯ ತೊಗಟೆ, ಅಳಲೆಕಾಯಿ ಮೊದಲಾದ ಒಗರು ವಸ್ತುಗಳ ರಸದಲ್ಲಿ ವಾರಗಟ್ಟಲೆ ನೆನೆಸಿದರೆ ಆ ಒಗರು ತೊಗಲಿನ ನಾರುಗಳೊಂದಿಗೆ ಬೆಸೆದುಕೊಂಡು, ನೀರು ತಾಗಿದರೂ ಕೊಳೆಯದ, ಬಾಗಿದರೂ ಬಿರಿಯದ ಹದಮಾಡಿದ ಚರ್ಮವಾಗುತ್ತದೆ. ಬೆವರಿನಲ್ಲಿ ನೆನೆಯುವ ಹಲ್ಲಣಕ್ಕೂ ಹೊಟ್ಟೆಪಟ್ಟಿಗೂ ಹದಮಾಡಿದ ಚರ್ಮ ಬೇಕು. ಜಗ್ಗಿದರೆ ತುಂಡಾಗದ ಹೆಣಿಗೆಗೆ ಹಸಿತೊಗಲೇ ಬೇಕು. ಹಸಿತೊಗಲು ಒದ್ದೆಯಾದಾಗ ಬಟ್ಟೆಯಂತೆ ಬಾಗಿ, ಒಣಗುತ್ತ ಕುಗ್ಗಿ, ತಾನು ಸುತ್ತಿಕೊಂಡದ್ದನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುವುದರಿಂದ, ಹೆಣೆಯುವವನು ಅದನ್ನು ಪೂರ್ತಿ ಒದ್ದೆಯೂ ಅಲ್ಲದ, ಪೂರ್ತಿ ಒಣಗಿಯೂ ಇರದ ನಡುಹದದಲ್ಲಿ ಕೈಗೆತ್ತಿಕೊಳ್ಳಬೇಕಾಗುತ್ತದೆ.

ಉದ್ದನೆಯ ಬಾರು ಬೇಕೆಂದು ಉದ್ದನೆಯ ತೊಗಲನ್ನು ಹುಡುಕುವುದಿಲ್ಲ. ದುಂಡಾಗಿ ಕತ್ತರಿಸಿದ ತುಂಡನ್ನು ಅಂಚಿನಿಂದ ಒಳಕ್ಕೆ ಸುರುಳಿಯಾಗಿ ಸೀಳುತ್ತ ಹೋದರೆ ಕೊನೆಯವರೆಗೂ ಒಂದೇ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಅಡ್ಡಳತೆ 30 ಸೆಂಟಿಮೀಟರ್ ಇರುವ ತುಂಡಿನಿಂದ 6 ಮಿಲಿಮೀಟರ್ ಅಗಲದ ಬಾರನ್ನು ಹೀಗೆ ಬಿಡಿಸಿದರೆ ಹತ್ತು ಮೀಟರಿಗೂ ಹೆಚ್ಚು ಉದ್ದ ಸಿಗುತ್ತದೆ. ಕತ್ತಿಯ ಮೊನೆಗೂ ಹೆಬ್ಬೆರಳಿಗೂ ನಡುವಿನ ಅಂತರವೇ ಇಲ್ಲಿ ಅಳತೆಗೋಲು, ಅದು ಒಂದು ಕಡೆ ಹೆಚ್ಚಾಗಿ ಇನ್ನೊಂದು ಕಡೆ ಕಡಿಮೆಯಾದರೆ ಕಿರಿದಾದ ಜಾಗದಲ್ಲೇ ಬಾರು ಮುಂದೊಂದು ದಿನ ಹರಿಯುತ್ತದೆ. ಬೆನ್ನಿನ ಭಾಗದ ತೊಗಲು ದಪ್ಪ ಮತ್ತು ಗಟ್ಟಿ, ಹೊಟ್ಟೆಯ ಭಾಗದ್ದು ಸಡಿಲ. ಇವೆರಡರ ಎಳೆಗಳನ್ನು ಒಂದೇ ಹೆಣಿಗೆಯಲ್ಲಿ ಸೇರಿಸಿದರೆ ಸಡಿಲವಾದದ್ದು ಹಿಗ್ಗಿ ಇಡೀ ಭಾರ ಗಟ್ಟಿಯಾದದ್ದರ ಮೇಲೆ ಬೀಳುತ್ತದೆ. ಎಳೆಯ ಅಂಚುಗಳನ್ನು ಓರೆಯಾಗಿ ಹೆರೆದು ದುಂಡಗೆ ಮಾಡದಿದ್ದರೆ ಹೆಣಿಗೆಯ ಏಣುಗಳು ಪ್ರಾಣಿಯ ಚರ್ಮವನ್ನು ಉಜ್ಜಿ ಹುಣ್ಣು ಮಾಡುತ್ತವೆ. ಆದ್ದರಿಂದ ಒಳ್ಳೆಯ ಕಡಿವಾಣ ಮಾಡುವವನಿಗೆ ಸತ್ತ ಪ್ರಾಣಿಯ ಮೈ ತಿಳಿದಿದ್ದರೆ ಸಾಲದು, ಬದುಕಿರುವ ಪ್ರಾಣಿಯ ನೋವೂ ತಿಳಿದಿರಬೇಕು.

ಕುದುರೆಯ ಸಾಮಾನು ಅರಮನೆಗೂ ಪಾಳೆಯಕ್ಕೂ ಸೇರಿದ್ದು. ಹಳ್ಳಿಯಲ್ಲಿ ಅದೇ ಕೈಗಳು ಎತ್ತಿಗೆ ಬೇಕಾದ ಮಿಣಿ, ಕೊರಳಪಟ್ಟಿ, ಬಾರುಕೋಲುಗಳನ್ನೂ ಕಪಿಲೆ ಬಾವಿಯಿಂದ ನೀರೆತ್ತುವ ತೊಗಲಿನ ಚೀಲವನ್ನೂ ರೈತನ ಕೆರಗಳನ್ನೂ ಮಾಡುತ್ತಿದ್ದವು. ಆಯಗಾರ ಪದ್ಧತಿಯಲ್ಲಿ, ಎಂದರೆ ಊರಿನ ಕಸುಬುದಾರರಿಗೆ ಸುಗ್ಗಿಯ ಕಣದಲ್ಲಿ ದವಸದ ಪಾಲು ಸಲ್ಲುವ ವ್ಯವಸ್ಥೆಯಲ್ಲಿ, ಮಾದಿಗ ಅಥವಾ ಸಮಗಾರ ಮನೆಗಳಿಗೂ ಒಂದು ಪಾಲು ಇತ್ತು. ಸತ್ತ ದನವನ್ನು ಎತ್ತಿಕೊಂಡು ಹೋಗುವುದು ಅವರ ಹಕ್ಕೂ ಆಗಿತ್ತು, ಬಿಡಲಾಗದ ಹೊಣೆಯೂ ಆಗಿತ್ತು. ಹೀಗಾಗಿ ರೈತನೊಬ್ಬನ ಕೊಟ್ಟಿಗೆಯಲ್ಲಿ ಸತ್ತ ಎತ್ತಿನ ತೊಗಲು ಕೆಲವು ತಿಂಗಳ ನಂತರ ಅವನದೇ ಇನ್ನೊಂದು ಎತ್ತಿನ ಕೊರಳಿಗೆ ಬಾರಾಗಿ ಹಿಂದಿರುಗುತ್ತಿತ್ತು. ಆ ಬಾರನ್ನು ಬೆಳಗಿನಿಂದ ಸಂಜೆಯವರೆಗೆ ಮುಟ್ಟುತ್ತಿದ್ದ ರೈತನಿಗೆ ಮೈಲಿಗೆಯಾಗುತ್ತಿರಲಿಲ್ಲ, ಅದನ್ನು ತಂದುಕೊಟ್ಟವನು ಮಾತ್ರ ಅಂಗಳದ ಆಚೆ ನಿಲ್ಲಬೇಕಾಗಿತ್ತು.

ಶಾಸ್ತ್ರದ ಎರಡು ಅಳತೆ

ಈ ಏರ್ಪಾಡಿಗೆ ಶಾಸ್ತ್ರದ ಆಧಾರ ಎಷ್ಟಿದೆಯೆಂದು ನೋಡಿದರೆ ಎದುರಾಗುವುದು ಎರಡು ಅಳತೆಗಳ ಬಳಕೆ. ವೈದಿಕ ಯಜ್ಞದಲ್ಲಿ ಚರ್ಮವು ಹೊರಗಿನ ವಸ್ತುವಲ್ಲ: ಸೋಮಲತೆಯನ್ನು ಜಜ್ಜಿ ರಸ ತೆಗೆಯುವಾಗ ಕೆಳಗೆ ಹಾಸುತ್ತಿದ್ದದ್ದು ಎತ್ತಿನ ತೊಗಲು, ಹವಿಸ್ಸಿನ ಧಾನ್ಯವನ್ನು ಕುಟ್ಟುವ ಒರಳಿನ ಅಡಿಗೆ ಹಾಸುತ್ತಿದ್ದದ್ದು ಕೃಷ್ಣಾಜಿನ, ಎಂದರೆ ಕೃಷ್ಣಮೃಗದ ಚರ್ಮ. ಮನುಸ್ಮೃತಿಯ ಎರಡನೆಯ ಅಧ್ಯಾಯವು ಬ್ರಹ್ಮಚಾರಿಗಳಿಗೆ ಅವರವರ ವರ್ಣಕ್ಕೆ ತಕ್ಕ ಪ್ರಾಣಿಯ ಚರ್ಮವನ್ನು ಮೇಲುಹೊದಿಕೆಯಾಗಿ ವಿಧಿಸುತ್ತದೆ. ಅದೇ ಗ್ರಂಥದ ಐದನೆಯ ಅಧ್ಯಾಯದಲ್ಲಿ ದ್ರವ್ಯಶುದ್ಧಿಯ, ಎಂದರೆ ವಸ್ತುಗಳನ್ನು ಶುದ್ಧಮಾಡುವ ವಿಧಾನದ, ಪ್ರಕರಣವಿದ್ದು, ಚರ್ಮದ ಶುದ್ಧಿಯನ್ನು ಬಟ್ಟೆಯ ಶುದ್ಧಿಯಂತೆಯೇ ತಿಳಿಯಬೇಕೆಂದು ಹೇಳುತ್ತದೆ. ನೀರಿನಲ್ಲಿ ತೊಳೆದರೆ ಆಯಿತು. ಆದರೆ ನಾಲ್ಕನೆಯ ಅಧ್ಯಾಯದಲ್ಲಿ ಯಾರ ಅನ್ನವನ್ನು ಉಣ್ಣಬಾರದೆಂಬ ಪಟ್ಟಿ ಬರುವಾಗ ಚರ್ಮ ಕತ್ತರಿಸುವವನ ಅನ್ನವು ಉಂಡವನ ಕೀರ್ತಿಯನ್ನು ಕಳೆಯುವುದೆಂದು ವಿಧಿಸಲಾಗಿದೆ. ಈ ಮೂರು ಮಾತುಗಳನ್ನು ಒಟ್ಟಿಗೆ ಓದಿದಾಗ ದೊರೆಯುವ ಸಿದ್ಧಾಂತವೆಂದರೆ, ವಸ್ತುವಿನ ಮೈಲಿಗೆ ತೊಳೆದರೆ ಹೋಗುತ್ತದೆ, ಅದನ್ನು ತೊಳೆದವನ ಮೈಲಿಗೆ ಯಾವುದರಿಂದಲೂ ಹೋಗುವುದಿಲ್ಲ. ಅಶುದ್ಧಿಯು ತೊಗಲಿನ ಗುಣವಾಗಿದ್ದರೆ ತೊಗಲಿನೊಂದಿಗೆ ಅದೂ ತೊಳೆದುಹೋಗಬೇಕಿತ್ತು. ಹೋಗದೆ ಉಳಿದಿದೆಯೆಂದರೆ ಅದು ವಸ್ತುವಿನಿಂದ ಬಂದದ್ದಲ್ಲ, ಮನುಷ್ಯರನ್ನು ವಿಂಗಡಿಸಿದ ಏರ್ಪಾಡಿನಿಂದ ಬಂದು ವಸ್ತುವಿನ ಹೆಸರನ್ನು ನೆಪಮಾಡಿಕೊಂಡಿದೆ.

ಇಲ್ಲಿ ಅಹಿಂಸೆಯ ಆಕ್ಷೇಪವನ್ನು ಮೈಲಿಗೆಯ ಆಕ್ಷೇಪದೊಂದಿಗೆ ಬೆರೆಸದಿರುವುದು ಅಗತ್ಯ. ಹೊಸನಗರ ತಾಲ್ಲೂಕಿನ ಹೊಂಬುಜದಂಥ ಪ್ರಾಚೀನ ಕ್ಷೇತ್ರಗಳಿರುವ ಮಲೆನಾಡಿನಲ್ಲಿ ಜೈನಧರ್ಮದ ವಿಚಾರಗಳಿಗೆ ದೀರ್ಘ ಇತಿಹಾಸವಿದೆ. ಶ್ರಾವಕರು, ಎಂದರೆ ಜೈನ ಗೃಹಸ್ಥರು, ಬಿಡಬೇಕಾದ ಹದಿನೈದು ಕಸುಬುಗಳನ್ನು ಕರ್ಮಾದಾನಗಳೆಂದು ಎಣಿಸುವ ಜೈನ ಶಾಸ್ತ್ರಕಾರರು ದಂತ, ಚರ್ಮ ಮೊದಲಾದ ಪ್ರಾಣಿಯ ಅಂಗಗಳ ವ್ಯಾಪಾರವನ್ನು ಅವುಗಳಲ್ಲಿ ಸೇರಿಸುತ್ತಾರೆ. ಆ ಆಕ್ಷೇಪ ಜೀವದ ಕುರಿತಾದ್ದು ಮತ್ತು ಮಾಡುವವನಿಗೂ ಕೊಳ್ಳುವವನಿಗೂ ಸಮನಾಗಿ ತಗಲುವಂಥದು. ತೊಗಲಿನ ಜೀನಿನ ಮೇಲೆ ಕೂತವನು ಅದನ್ನು ಹೊಲಿದವನಿಗಿಂತ ಕಡಿಮೆ ಹೊಣೆಗಾರನೆಂದು ಅಹಿಂಸಾವಾದಿ ಹೇಳಲಾರ. ಅದಲ್ಲದೆ ಹಳ್ಳಿಯ ತೊಗಲು ಬಹುಮಟ್ಟಿಗೆ ತಾನಾಗಿ ಸತ್ತ ದನದ್ದಾಗಿದ್ದುದರಿಂದ ಅಲ್ಲಿ ಕೊಲೆಯ ಪ್ರಶ್ನೆ ಏಳುತ್ತಲೂ ಇರಲಿಲ್ಲ. ಮೈಲಿಗೆಯ ವಾದವಾದರೋ ಬಳಸುವವನನ್ನು ಬಿಟ್ಟು ಮಾಡುವವನೊಬ್ಬನನ್ನೇ ಹಿಡಿಯುತ್ತದೆ. ಈ ಒಂದು ಗುರುತಿನಿಂದಲೇ ಅದು ನೀತಿಯ ವಾದವಲ್ಲವೆಂಬುದು ಗೊತ್ತಾಗುತ್ತದೆ.

ಬೇರೆ ದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಎದೋ ಕಾಲದ ಜಪಾನಿನಲ್ಲಿ ಸಮುರಾಯಿ ಯೋಧರ ಕವಚಕ್ಕೂ ಕುದುರೆಯ ಸಾಮಾನಿಗೂ ಬೇಕಾದ ಚರ್ಮವನ್ನು ಒದಗಿಸುತ್ತಿದ್ದ ಜನರನ್ನು ಹುಟ್ಟಿನಿಂದಲೇ ಅಸ್ಪೃಶ್ಯರೆಂದು ಪ್ರತ್ಯೇಕ ಕೇರಿಗಳಲ್ಲಿ ಇರಿಸಲಾಗಿತ್ತು. 1871ರ ಆದೇಶವು ಆ ಅಂತಸ್ತನ್ನು ಕಾನೂನಿನಲ್ಲಿ ರದ್ದುಮಾಡಿದರೂ ಅವರ ವಂಶದವರ ಮೇಲಿನ ತಾರತಮ್ಯ ಅದರೊಂದಿಗೆ ಮುಗಿಯಲಿಲ್ಲ. ಅರ್ಜೆಂಟೀನಾದ ಪಂಪಾಸ್ ಹುಲ್ಲುಗಾವಲಿನಲ್ಲಿ ಗೌಚೋಗಳೆಂಬ ಕುದುರೆ ಸವಾರ ದನಗಾಹಿಗಳು ಅದೇ ಹಸಿತೊಗಲನ್ನು ಸೀಳಿ ಹೆಣೆದು ಲಗಾಮನ್ನೂ ದನ ಹಿಡಿಯುವ ಹಗ್ಗವನ್ನೂ ಮಾಡುತ್ತಾರೆ, ಅಲ್ಲಿ ಆ ಹೆಣಿಗೆಯನ್ನು ನಾಡಿನ ಹೆಮ್ಮೆಯ ಕುಶಲಕಲೆಯೆಂದು ಕಾಣುತ್ತಾರೆ. ತೊಗಲಿನ ವಾಸನೆ ಎರಡೂ ಕಡೆ ಒಂದೇ, ಸುಣ್ಣದ ನೀರು ಕೈಯ ಚರ್ಮವನ್ನು ತಿನ್ನುವುದೂ ಒಂದೇ. ಬೇರೆಯಾದದ್ದು ಸಮಾಜವು ಆ ಕೈಗೆ ಕೊಟ್ಟ ಸ್ಥಾನ.

ಜನಪದ ಧರ್ಮವು ಈ ಇಬ್ಬಂದಿಯನ್ನು ತನ್ನದೇ ರೀತಿಯಲ್ಲಿ ಗುರುತಿಸಿದೆ. ಬಿಳಿಗಿರಿರಂಗನ ಬೆಟ್ಟದ ರಂಗನಾಥನಿಗೆ ಚರ್ಮಕಾರ ಭಕ್ತರು ದೊಡ್ಡ ಗಾತ್ರದ ತೊಗಲಿನ ಪಾದುಕೆಗಳನ್ನು ಅರ್ಪಿಸುತ್ತಾರೆ, ದೇವರು ಅವನ್ನು ಮೆಟ್ಟಿ ಕಾಡಿನಲ್ಲಿ ಸಂಚರಿಸುವುದರಿಂದ ಅವು ಸವೆಯುತ್ತವೆಂದು ನಂಬುತ್ತಾರೆ. ಮಾದಿಗ ಸಮುದಾಯದ ಪುರಾಣವು ಭೂಮಿ ಹುಟ್ಟುವುದಕ್ಕೂ ಮೊದಲೇ ಇದ್ದವನೆಂದು ಆದಿಜಾಂಬವನನ್ನು ಹಾಡಿ, ಕೇರಿಯ ಜನರನ್ನು ಸೃಷ್ಟಿಯ ಹಿರಿಯರ ಸಾಲಿಗೆ ಸೇರಿಸುತ್ತದೆ. ರೇಣುಕೆಯ ಕಥೆಯ ಜನಪದ ರೂಪದಲ್ಲಿ ಮಗನ ಕೊಡಲಿಗೆ ಹೆದರಿ ಓಡಿದ ತಾಯಿಗೆ ಆಸರೆಯಾಗುವವಳು ಮಾತಂಗಿ ಹೆಣ್ಣುಮಗಳು. ಇಬ್ಬರ ತಲೆಗಳೂ ಉರುಳಿ, ಮರಳಿ ಜೀವ ಬರುವಾಗ ತಲೆ ಮುಂಡಗಳು ಅದಲುಬದಲಾಗುತ್ತವೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಪೂಜೆಗೊಳ್ಳುವ ರೇಣುಕಾಂಬೆಯ ಹಿಂದೆ ಇರುವ ಈ ಕಥೆಯನ್ನು ಒಪ್ಪಿದವರಿಗೆ ಯಾವ ಮೈ ಶುದ್ಧ, ಯಾವ ಮೈ ಅಶುದ್ಧ ಎಂದು ವಿಂಗಡಿಸುವ ದಾರಿ ಉಳಿಯಬಾರದಿತ್ತು. ಆದರೂ ಪುರಾಣದಲ್ಲಿ ಒಪ್ಪಿದ್ದನ್ನು ಬೀದಿಯಲ್ಲಿ ಒಪ್ಪದೆ ಸಮಾಜ ನಡೆದುಕೊಂಡಿತು.

ಸ್ವಧರ್ಮವೂ ಕಾಯಕವೂ

ದುಡಿಮೆಗೆ ಧಾರ್ಮಿಕ ಮೌಲ್ಯ ಕೊಟ್ಟವರಲ್ಲಿ ಶರಣರು ಮೊದಲಿಗರಲ್ಲ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಮನುಷ್ಯನು ತನ್ನ ಕರ್ಮದಿಂದಲೇ ಪರಮಾತ್ಮನನ್ನು ಅರ್ಚಿಸಿ ಸಿದ್ಧಿ ಪಡೆಯುವನೆಂದು ಹೇಳುತ್ತದೆ. ಅದರ ಬೆನ್ನಿಗೇ ಹುಟ್ಟಿನೊಂದಿಗೆ ಬಂದ ಕರ್ಮವು ದೋಷದಿಂದ ಕೂಡಿದ್ದರೂ ಅದನ್ನು ಬಿಡಬಾರದೆಂದೂ ಹೇಳುತ್ತದೆ. ಮೊದಲ ಮಾತು ಕೆಲಸವನ್ನು ಮೇಲೆತ್ತುತ್ತದೆ, ಎರಡನೆಯದು ಕೆಲಸಗಾರನನ್ನು ಅಲ್ಲಿಯೇ ನಿಲ್ಲಿಸುತ್ತದೆ. ತೊಗಲು ಹೆರೆಯುವವನು ನಿಷ್ಕಾಮನಾಗಿ ಹೆರೆದರೆ ಅವನಿಗೂ ಮೋಕ್ಷವುಂಟು ಎಂಬ ಭರವಸೆ ಇಲ್ಲಿ ಸಿಗುತ್ತದೆ, ಆದರೆ ಅವನ ಮಗನೂ ಹೆರೆಯುತ್ತಲೇ ಇರಬೇಕೆಂಬ ಷರತ್ತು ಆ ಭರವಸೆಗೆ ಅಂಟಿಕೊಂಡಿದೆ. ಕಾಯಕವನ್ನು ಸ್ವಧರ್ಮದ ಕನ್ನಡ ರೂಪವೆಂದು ತಿಳಿಯುವ ವ್ಯಾಖ್ಯಾನಗಳು ಆಗಾಗ ಕೇಳಿಬರುತ್ತವೆ. ಚರ್ಮಕಾರ ಶರಣರ ವಚನಗಳನ್ನು ಗಮನಿಸಿದರೆ ಆ ಹೋಲಿಕೆ ನಿಲ್ಲುವುದಿಲ್ಲ.

ಶರಣರ ವಿಚಾರದ ಮೊದಲ ಹೆಜ್ಜೆ ಸೂತಕದ ನಿರಾಕರಣೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಬಗೆಯ ಮೈಲಿಗೆಗಳನ್ನು ಪಂಚಸೂತಕಗಳೆಂದು ಕರೆದು, ಇಷ್ಟಲಿಂಗವನ್ನು ಧರಿಸಿದ ದೇಹಕ್ಕೆ ಇವು ಯಾವುವೂ ಇಲ್ಲವೆಂದು ಅವರು ಸಾರಿದರು. ಸಾವಿನ ಸೂತಕವೂ ಜಾತಿಯ ಸೂತಕವೂ ಒಂದೇ ಮಾತಿನಲ್ಲಿ ಬಿದ್ದುಹೋದಾಗ ಸತ್ತ ದನದ ತೊಗಲನ್ನು ಮುಟ್ಟುವವನ ಮೇಲಿನ ಎರಡು ಹೊರೆಗಳೂ ಒಟ್ಟಿಗೆ ಇಳಿಯುತ್ತವೆ. ಎರಡನೆಯ ಹೆಜ್ಜೆ ಕಾಯಕತತ್ತ್ವ: ಬದುಕಿಗಾಗಿ ಪ್ರಾಮಾಣಿಕವಾಗಿ ಮಾಡುವ ದುಡಿಮೆಯೇ ಪೂಜೆ, ಅದರ ಫಲವನ್ನು ಹಂಚಿ ಉಣ್ಣುವ ದಾಸೋಹವೇ ಅದರ ಮುಕ್ತಾಯ. ಹಗ್ಗ ಹೊಸೆಯುವ ಕಾಯಕದ ನುಲಿಯ ಚಂದಯ್ಯನವರ ಕಥೆ ಈ ತತ್ತ್ವವನ್ನು ಅದರ ತುದಿಯವರೆಗೂ ಒಯ್ಯುತ್ತದೆ. ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಜಾರಿ ಬಿದ್ದರೂ ಕಾಯಕ ನಿಲ್ಲಿಸಿ ಅದನ್ನು ಎತ್ತಿಕೊಳ್ಳಲು ಚಂದಯ್ಯನವರು ಒಪ್ಪಲಿಲ್ಲವೆಂದು, ಲಿಂಗವೇ ಅವರನ್ನು ಹಿಂಬಾಲಿಸಿತೆಂದು ಪರಂಪರೆ ಹೇಳುತ್ತದೆ.

ಚರ್ಮಕಾರ ಶರಣರಲ್ಲಿ ಹಿರಿಯರಾದ ಮಾದಾರ ಚನ್ನಯ್ಯನವರನ್ನು ಪರಂಪರೆಯು ಚೋಳ ಅರಸನ ಕುದುರೆಲಾಯಕ್ಕೆ ಹುಲ್ಲು ತರುವ ಕಾಯಕದವರೆಂದು ನೆನೆಯುತ್ತದೆ. ಅರಮನೆಯ ನೈವೇದ್ಯಕ್ಕಿಂತ ಚನ್ನಯ್ಯನವರ ಅಂಬಲಿಯೇ ಶಿವನಿಗೆ ರುಚಿಯಾಯಿತೆಂಬ ಕಥೆ ನಾಡಿಗೆ ಪರಿಚಿತವಾದದ್ದು. ಮನುಸ್ಮೃತಿಯು ಯಾರ ಅನ್ನವನ್ನು ಉಣ್ಣಬಾರದೆಂದಿತೋ ಅವರ ಮನೆಯಲ್ಲೇ ದೇವರು ಉಂಡನೆಂದು ಹೇಳುವ ಈ ಕಥೆಯು ಶಾಸ್ತ್ರದ ಆ ವಿಧಿಗೆ ನೇರ ಉತ್ತರದಂತಿದೆ. ಬಸವಣ್ಣನವರು ತಮ್ಮ ವಚನಗಳಲ್ಲಿ ಚನ್ನಯ್ಯನವರನ್ನೂ ಡೋಹರ ಕಕ್ಕಯ್ಯನವರನ್ನೂ ತಮ್ಮ ಹಿರಿಯ ಬಂಧುಗಳೆಂದು ಸಾರಿ, ಜನ್ಮದ ಕುಲವನ್ನು ಬದಿಗಿಟ್ಟರು. ಡೋಹರರು ತೊಗಲು ಹದಮಾಡುವವರೆಂಬುದನ್ನು ನೆನೆದರೆ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಭಂಡಾರಿಯೊಬ್ಬರ ಈ ಮಾತಿನ ತೂಕ ತಿಳಿಯುತ್ತದೆ.

ಚನ್ನಯ್ಯನವರ ಹೆಸರಿನಲ್ಲಿ ಉಳಿದಿರುವ ವಚನಗಳು ಕೆಲವೇ. ಆದರೆ ಅವುಗಳ ಅಂಕಿತ, ಎಂದರೆ ಪ್ರತಿ ವಚನದ ಕೊನೆಗೆ ಬರುವ ಇಷ್ಟದೈವದ ಮುದ್ರೆ, ವಚನಸಾಹಿತ್ಯದಲ್ಲೇ ಅಪರೂಪದ್ದು. ಬೇರೆ ವಚನಕಾರರ ಅಂಕಿತಗಳಲ್ಲಿ ದೇವರ ಹೆಸರಷ್ಟೇ ಇರುವ ಕಡೆ ಇಲ್ಲಿ ಕೈಯುಳಿ, ಕತ್ತಿ, ಅಡಿಯ ಗೂಟ ಎಂಬ ಚರ್ಮಕಾರನ ಸಲಕರಣೆಗಳು ಬರುತ್ತವೆ. ಅವುಗಳಿಗೆ ಅಡಿಯಾಗಬೇಡ, ನಿನ್ನೊಳಗಿನ ನಿಜಸ್ವರೂಪವನ್ನು ಅರಿ ಎಂಬ ಎಚ್ಚರಿಕೆ ಅದರ ತಿರುಳು. ಸಲಕರಣೆಯನ್ನು ದೇವರ ಹೆಸರಿನ ಪಕ್ಕದಲ್ಲಿ ಕೂರಿಸುವ ಮೂಲಕ ಚನ್ನಯ್ಯನವರು ಉಳಿಯನ್ನು ಹೀನವೆಂದವರಿಗೆ ಉತ್ತರ ಕೊಡುತ್ತಾರೆ. ಅದೇ ಉಸಿರಿನಲ್ಲಿ ಅದಕ್ಕೆ ಆಳಾಗಬೇಡವೆಂದು ಹೇಳುವ ಮೂಲಕ ಉಳಿಯೇ ನಿನ್ನ ಹಣೆಬರಹವೆಂದವರಿಗೂ ಉತ್ತರ ಕೊಡುತ್ತಾರೆ. ಉಳಿಯನ್ನು ಗೌರವದಿಂದ ಹಿಡಿಯುವವನು ಬೇಕೆಂದಾಗ ಅದನ್ನು ಕೆಳಗಿಡಲೂ ಬಲ್ಲವನಾಗಿರಬೇಕು. ಗೀತೆಯ ಸಹಜಕರ್ಮದ ಮಾತಿಗೂ ಕಾಯಕಕ್ಕೂ ಇರುವ ಅಂತರ ಈ ಅಂಕಿತದಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಮಾದಾರ ಧೂಳಯ್ಯನವರು ಇದನ್ನು ಇನ್ನೊಂದು ದಿಕ್ಕಿನಿಂದ ಹೇಳುತ್ತಾರೆ. ಚಮ್ಮಾವುಗೆ, ಎಂದರೆ ತೊಗಲಿನ ಪಾದರಕ್ಷೆ, ಹೊಲಿಯುತ್ತಿರುವಾಗ ಉಳಿಯ ಮೊನೆಯಲ್ಲಿ ಶಿವನು ಮೈದೋರಿದಾಗ, ಇಲ್ಲೇಕೆ ಬಂದೆ, ನಿನ್ನನ್ನು ಬಯಸುವ ಭಕ್ತರ ಬಳಿಗೆ ಹೋಗೆಂದು ಅವರ ವಚನವೊಂದು ದೇವರನ್ನೇ ಹಿಂದಕ್ಕೆ ಕಳಿಸುತ್ತದೆ. ಮೇಲಿನಿಂದ ಬಂದು ತನ್ನ ಕೆಲಸವನ್ನು ಪಾವನಗೊಳಿಸುವ ಕೃಪೆ ಧೂಳಯ್ಯನವರಿಗೆ ಬೇಕಾಗಿಲ್ಲ. ಅರಿವು ಇರುವ ಕೈಗೆ ಹೊರಗಿನ ಪಾವಿತ್ರ್ಯದ ಮುದ್ರೆ ಅನಗತ್ಯ. ಚರ್ಮದ ಕೆಲಸವೂ ಪವಿತ್ರವೇ ಎಂದು ದೊಡ್ಡ ಮನಸ್ಸಿನಿಂದ ಒಪ್ಪಿಗೆ ನೀಡುವ ಮೇಲುಜಾತಿಯ ಔದಾರ್ಯಕ್ಕೆ ಎಂಟುನೂರು ವರ್ಷಗಳ ಹಿಂದೆಯೇ ಸಂದ ಉತ್ತರವೆಂದು ಇದನ್ನು ಓದಬಹುದು.

ಹರಳಯ್ಯನವರ ಪಾದರಕ್ಷೆ

ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮನವರ ಕಥೆ ಈ ವಿಚಾರವನ್ನು ಅತ್ಯಂತ ಕಠಿಣವಾದ ಒರೆಗೆ ಹಚ್ಚುತ್ತದೆ. ತಮ್ಮ ಒಂದು ಶರಣಿಗೆ ಪ್ರತಿಯಾಗಿ ಬಸವಣ್ಣನವರು ಎರಡು ಸಲ ಶರಣೆಂದ ಋಣವನ್ನು ತೀರಿಸಲು ಗಂಡ ಹೆಂಡತಿ ತಮ್ಮ ತಮ್ಮ ತೊಡೆಯ ಚರ್ಮವನ್ನು ತೆಗೆದು ಪಾದರಕ್ಷೆ ಮಾಡಿಕೊಟ್ಟರೆಂದು, ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರೆಂದು ಕಥೆ ಹೇಳುತ್ತದೆ. ಭಕ್ತಿಯ ಪರಾಕಾಷ್ಠೆಯೆಂದು ಇದನ್ನು ಕೊಂಡಾಡುವುದು ರೂಢಿ. ಆದರೆ ಒಂದು ನಮಸ್ಕಾರಕ್ಕೆ ಪ್ರತಿಯಾಗಿ ಕೊಟ್ಟ ಹೆಚ್ಚಿನ ಒಂದು ನಮಸ್ಕಾರವು ಮೈಯ ಚರ್ಮದಿಂದ ತೀರಿಸಬೇಕಾದಷ್ಟು ದೊಡ್ಡ ಋಣವಾಗಿ ಒಬ್ಬ ಮನುಷ್ಯನಿಗೆ ಕಾಣಬೇಕಾದರೆ, ಅವನಿಗೆ ಅಲ್ಲಿಯವರೆಗೆ ಎಷ್ಟು ನಮಸ್ಕಾರಗಳು ಸಂದಿದ್ದವೆಂಬ ಲೆಕ್ಕವನ್ನೂ ಅದೇ ಕಥೆ ಹೇಳುತ್ತಿದೆ. ಜೊತೆಗೆ ಅದು ದನದ ತೊಗಲಿಗೂ ಮನುಷ್ಯನ ತೊಗಲಿಗೂ ನಡುವಿನ ಗೆರೆಯನ್ನು ಅಳಿಸಿಹಾಕುತ್ತದೆ: ಚರ್ಮವೇ ಮೈಲಿಗೆಯಾದರೆ ಅದನ್ನು ಹೊದ್ದುಕೊಳ್ಳದೆ ಹುಟ್ಟಿದ ಮನುಷ್ಯನಿಲ್ಲ.

ಕಥೆಯ ಮುಂದಿನ ಭಾಗ ತತ್ತ್ವದ ದೃಷ್ಟಿಯಿಂದ ಇನ್ನೂ ಮುಖ್ಯವಾದದ್ದು. ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಶರಣ ಮಧುವರಸರ ಮಗಳಿಗೂ ಮದುವೆಯಾದಾಗ ಕಲ್ಯಾಣದ ಅರಸ ಬಿಜ್ಜಳನ ಆಸ್ಥಾನದಲ್ಲಿ ದೂರು ಎದ್ದು, ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆ, ಎಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಮರಣದಂಡನೆ, ಆಯಿತೆಂದು ಪರಂಪರೆ ಹೇಳುತ್ತದೆ. 1167ರ ಸುಮಾರಿಗೆ ಕಲ್ಯಾಣ ಹೊತ್ತಿ ಉರಿದು ಶರಣರು ಚದುರಿದ್ದು ಇದರ ಪರಿಣಾಮ. ಪಾದರಕ್ಷೆಯನ್ನು ತಲೆಯ ಮೇಲೆ ಹೊತ್ತದ್ದಕ್ಕೆ ಯಾರಿಗೂ ಶಿಕ್ಷೆಯಾಗಲಿಲ್ಲ, ಚರ್ಮದ ಕಾಯಕವನ್ನು ಕೈಲಾಸವೆಂದದ್ದಕ್ಕೂ ಆಗಲಿಲ್ಲ. ದುಡಿಮೆಯ ಹೊಗಳಿಕೆಯನ್ನು ಜಾತಿವ್ಯವಸ್ಥೆ ನಿರಾತಂಕವಾಗಿ ಸಹಿಸಿಕೊಂಡಿತು. ದುಡಿಯುವವನ ಮಗ ತನ್ನ ಮನೆಯ ಅಳಿಯನಾಗುವುದನ್ನು ಮಾತ್ರ ಸಹಿಸಲಿಲ್ಲ. ಕಾಯಕವನ್ನು ಕೆಲಸದ ಗೌರವಕ್ಕಷ್ಟೇ ಇಳಿಸಿ ಮಾತಾಡುವ ಇಂದಿನ ರೂಢಿಯು ಕಲ್ಯಾಣದಲ್ಲಿ ಅಪಾಯವಿಲ್ಲದ್ದಾಗಿದ್ದ ಅರ್ಧವನ್ನು ಉಳಿಸಿಕೊಂಡು, ಜೀವ ತೆತ್ತ ಅರ್ಧವನ್ನು ಬಿಟ್ಟುಬಿಟ್ಟಿದೆ.

ಭದ್ರಾವತಿಯಿಂದ ಕಾಣುವ ಕಾಯಕ

ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳು ಎದುರುಬದುರು ನಿಂತವು. ಕೀಳೆನಿಸಿದ ಕೆಲಸವನ್ನು ಮೇಲೆನಿಸಿಕೊಂಡವರೂ ಕೈಯಾರೆ ಮಾಡಿದರೆ ಕಳಂಕ ಹೋಗುವುದೆಂದು ನಂಬಿದ ಗಾಂಧೀಜಿಯವರು ಸಾಬರಮತಿ ಆಶ್ರಮದಲ್ಲಿ ತಾನಾಗಿ ಸತ್ತ ದನದ ತೊಗಲನ್ನೇ ಹದಮಾಡುವ ಏರ್ಪಾಡು ಮಾಡಿ, ಅಹಿಂಸೆಯ ಆಕ್ಷೇಪವನ್ನೂ ಮೈಲಿಗೆಯ ಆಕ್ಷೇಪವನ್ನೂ ಒಟ್ಟಿಗೆ ಪರಿಹರಿಸಲು ನೋಡಿದರು. ಡಾ. ಅಂಬೇಡ್ಕರ್ ಅವರು 1927ರಲ್ಲಿ ಮಹಾಡ್‌ನಲ್ಲಿ ಸತ್ತ ದನ ಹೊರುವುದನ್ನೂ ಅದರ ಮಾಂಸ ತಿನ್ನುವುದನ್ನೂ ಬಿಟ್ಟುಬಿಡಿರೆಂದು ತಮ್ಮವರಿಗೆ ಕರೆಕೊಟ್ಟರು. 1936ರ ‘ಜಾತಿ ವಿನಾಶ’ದಲ್ಲಿ ಅವರು ಜಾತಿಯು ಬರಿಯ ಶ್ರಮದ ವಿಭಜನೆಯಲ್ಲ, ಶ್ರಮಿಕರ ವಿಭಜನೆಯೆಂದು ತೋರಿಸಿಕೊಟ್ಟರು. ಒಬ್ಬರು ಹೊರಗಿನವರಿಗೆ ಒಳಬರುವ ಬಾಗಿಲನ್ನು ತೆರೆದರು, ಇನ್ನೊಬ್ಬರು ಒಳಗಿನವರಿಗೆ ಹೊರಹೋಗುವ ಬಾಗಿಲನ್ನು ತೆರೆದರು. ಶ್ರಮದ ಗೌರವವನ್ನು ಹಾಡಿ ಹೊಗಳುತ್ತಲೇ ಹೊರಹೋಗುವ ಬಾಗಿಲನ್ನು ಮುಚ್ಚಿಟ್ಟ ಉದಾಹರಣೆಗಳು ಇತಿಹಾಸದಲ್ಲಿ ಹೇರಳವಾಗಿ ಇರುವುದರಿಂದ ಎರಡನೆಯ ಬಾಗಿಲಿಗೇ ತುರ್ತು ಹೆಚ್ಚು.

ಹರಿಹರದಲ್ಲಿ 1938ರಲ್ಲಿ ಹುಟ್ಟಿ ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು 1970ರ ದಶಕದ ಮಧ್ಯದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದಾಗ ಶಿವಮೊಗ್ಗ ಸೀಮೆಯಲ್ಲಿ ಈ ಚರ್ಚೆಗೆ ಹೋರಾಟದ ರೂಪ ಬಂತು. ಕನ್ನಡ ಸಾಹಿತ್ಯವನ್ನು ಬೂಸಾ ಎಂದ ದಲಿತ ಸಚಿವರೊಬ್ಬರ ಮಾತಿನಿಂದ ಎದ್ದ 1973ರ ಬೂಸಾ ಪ್ರಕರಣದ ಕಾವು ಆರದಿದ್ದ ಆ ದಿನಗಳಲ್ಲಿ ಭೂಮಿ, ಶಿಕ್ಷಣ, ಸ್ವಾಭಿಮಾನ ಎಂಬ ಬೇಡಿಕೆಗಳೊಂದಿಗೆ ಹಳ್ಳಿಗಳಿಗೆ ಹೋದ ಸಮಿತಿಯು 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನೂ ಎದುರಿಸಿ ನಿಂತಿತು, ಮುಂದೆ ಆ ಆಚರಣೆಯನ್ನು ಸರ್ಕಾರ ನಿಷೇಧಿಸಿತು. ಭೂಮಿಯ ಬೇಡಿಕೆಗೂ ಚನ್ನಯ್ಯನವರ ಎಚ್ಚರಿಕೆಗೂ ಇರುವ ಸಂಬಂಧ ಸಣ್ಣದಲ್ಲ: ಬೇರೆ ಜೀವನೋಪಾಯವಿಲ್ಲದವನಿಗೆ ಉಳಿಗೆ ಅಡಿಯಾಗಬೇಡವೆಂದು ಉಪದೇಶಿಸಿದರೆ ಅದು ಬರಿಯ ಮಾತಾಗುತ್ತದೆ. ಆತ್ಮದ ಅರಿವು ಒಳಗಿನ ಬಿಡುಗಡೆಯಾದರೆ ನೆಲವೂ ಶಾಲೆಯೂ ಅದರ ಹೊರಗಿನ ಆಸರೆ. ಕರ್ನಾಟಕ ಸರ್ಕಾರವು 1976ರಲ್ಲಿ ಚರ್ಮ ಕೈಗಾರಿಕೆಗಳ ಅಭಿವೃದ್ಧಿಗಾಗಿ ಲಿಡ್ಕರ್ ನಿಗಮವನ್ನು ಸ್ಥಾಪಿಸಿದ್ದು ಈ ಕಸುಬನ್ನು ಆಯದ ಋಣದಿಂದ ಬಿಡಿಸಿ ಸಂಬಳ, ತರಬೇತಿ, ಮಾರುಕಟ್ಟೆಗಳ ಲೆಕ್ಕಕ್ಕೆ ತರುವ ಪ್ರಯತ್ನವಾಗಿತ್ತು.

ಕಸುಬು ಹಳೆಯ ರೂಪದಲ್ಲಿ ಉಳಿದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಮಿಣಿಗೆ ಬೇಡಿಕೆ ತಗ್ಗಿತು, ಪಂಪ್‌ಸೆಟ್ ಕಪಿಲೆಯನ್ನು ಮೂಲೆಗೆ ತಳ್ಳಿತು, ನೈಲಾನ್ ಹಗ್ಗ ಹಸಿತೊಗಲಿನ ಜಾಗವನ್ನು ಹಿಡಿಯಿತು. ಆದರೆ 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಸಾರ್ವಜನಿಕವಾಗಿ ಥಳಿಸಿದ ಘಟನೆಯೂ, ಅದಕ್ಕೆ ಪ್ರತಿಯಾಗಿ ಸತ್ತ ದನಗಳನ್ನು ಎತ್ತುವುದಿಲ್ಲವೆಂದು ಅಲ್ಲಿನ ದಲಿತರು ಕೈಕಟ್ಟಿ ನಿಂತದ್ದೂ ಕಸುಬು ಕ್ಷೀಣಿಸಿದರೂ ಅದರ ಹೆಸರಿನ ಮೈಲಿಗೆ ಕ್ಷೀಣಿಸಿಲ್ಲವೆಂಬುದನ್ನು ತೋರಿಸಿದವು. ಬಿಡಬೇಕೆಂದಾಗ ಬಿಡುವ ಶಕ್ತಿಯೇ ಆ ಕೈಗಳ ಕೆಲಸಕ್ಕೆ ಊರಿನಲ್ಲಿ ಎಷ್ಟು ಬೆಲೆಯಿತ್ತೆಂಬುದನ್ನು ಹೊರಗೆಡಹಿತು.

ಈ ಎಲ್ಲ ಎಳೆಗಳನ್ನು ಕೂಡಿಸಿ ನೋಡಿದಾಗ ಮೊದಲಿನ ಮೂರನೆಯ ಪ್ರಶ್ನೆಗೆ ಷರತ್ತಿನ ಉತ್ತರವೊಂದು ದೊರೆಯುತ್ತದೆ. ಕಾಯಕತತ್ತ್ವವು ಚರ್ಮದ ಕೆಲಸಕ್ಕೆ ಅಂಟಿದ ಮೈಲಿಗೆಯನ್ನು ತೊಡೆಯಬಲ್ಲದು, ಆದರೆ ಆ ಕೆಲಸ ಯಾರ ಹುಟ್ಟಿಗೂ ಕಟ್ಟುಬಿದ್ದಿರಬಾರದು ಮತ್ತು ಅದನ್ನು ಮಾಡುವವರೊಂದಿಗಿನ ನಂಟು ನಮಸ್ಕಾರದಲ್ಲಿ ಮುಗಿಯದೆ ಊಟಕ್ಕೂ ಮದುವೆಗೂ ಮುಂದುವರಿಯಬೇಕು. ತೊಗಲಿನ ಹೆಣಿಗೆಯಂಥ ಕುಶಲತೆ ಅಳಿಯುತ್ತಿದೆಯೆಂದು ಮರುಗುವವರು ಅದನ್ನು ಉಳಿಸುವ ಹೊಣೆಯನ್ನು ಮತ್ತೆ ಅದೇ ಕೇರಿಯ ಮಕ್ಕಳ ಮೇಲೆ ಹೊರಿಸಿದರೆ ಅದು ಕಾಯಕವಾಗದೆ ಹಳೆಯ ಬಿಟ್ಟಿಯೇ ಆಗುತ್ತದೆ. ಯಾವ ಮನೆಯಲ್ಲಿ ಹುಟ್ಟಿದವರಾದರೂ ಕಲಿಯುವಂತೆ, ಕಲಿತವರು ಬದುಕುವಷ್ಟು ಸಂಪಾದಿಸುವಂತೆ, ಬೇಡವೆನಿಸಿದರೆ ಬಿಟ್ಟು ನಡೆಯುವಂತೆ ಮಾಡಿದಾಗ ಮಾತ್ರ ಅದು ಶರಣರು ಹೇಳಿದ ಅರ್ಥದ ದುಡಿಮೆಯಾಗುತ್ತದೆ. ಚನ್ನಬಸವಣ್ಣನವರ ಹೆಸರಿನ ಗುಡಿಗಳಿಗೂ ಬಸವತತ್ತ್ವದ ಮಠಗಳಿಗೂ ಇದೇ ಅಳತೆ ಸಲ್ಲುತ್ತದೆ: ಅವುಗಳ ಕಾಯಕದ ಮಾತು ಎಷ್ಟು ನಿಜವೆಂಬುದನ್ನು ವೇದಿಕೆಯ ಮೇಲೆ ಹರಳಯ್ಯನವರಿಗೆ ಸಂದ ಹೂಮಾಲೆಯಿಂದ ತಿಳಿಯಲಾಗದು, ಹರಳಯ್ಯನವರ ಮನೆತನದೊಂದಿಗೆ ಬೀಗತನ ಬೆಳೆಸಲು ತಮ್ಮ ಭಕ್ತರಲ್ಲಿ ಎಷ್ಟು ಮನೆಗಳನ್ನು ಒಪ್ಪಿಸಿದರೆಂಬುದರಿಂದ ತಿಳಿಯಬೇಕು.